ಒಂದು ದಿನಕ್ಕೆ ಒಂದೇ ಸಂಗತಿ

ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದರಲ್ಲಿ ಮುನ್ನೂರ ಅರವತ್ತಾರು ಚೀಟಿಗಳನ್ನು, ನೆಟ್ಟಗೆ ನಿಲ್ಲಿಸಿ ಜೋಡಿಸಿದರೆ, ಸಲೀಸಾಗಿ ಹಿಡಿಸಬಹುದು. ಇದನ್ನು ನಾನು ಯಾರಿಂದಲೂ ಕೇಳಿ ತಿಳಿದದ್ದಲ್ಲ. ಇಪ್ಪತ್ತೊಂದನೆಯ ವಯಸ್ಸಿನಿಂದ ಕೆಲವು ವರ್ಷ ಅಂಥದೊಂದು ಡಬ್ಬಿ ನನ್ನ ಮೇಜಿನ ಎಡಗಡೆ ಕೂತಿರುತ್ತಿತ್ತು. ಮುಚ್ಚಳದ ಮೇಲಿನ ಗುಲಾಬಿಯ ಬಣ್ಣ ನನ್ನ ಹೆಬ್ಬೆರಳು ತಾಗುವ ಕಡೆ ಮಾತ್ರ ಸವೆದುಹೋಗಿತ್ತು. ದಿನಕ್ಕೊಂದು ಚೀಟಿ, ಚೀಟಿಯ ನೆತ್ತಿಯಲ್ಲಿ ತಾರೀಖು, ಅದರ ಕೆಳಗೆ ಅದೇ ತಾರೀಖಿನಂದು ಹಿಂದೆಂದೋ ಜಗತ್ತಿನಲ್ಲಿ ನಡೆದ ಒಂದು ಸಂಗತಿ. ಮುನ್ನೂರ ಅರವತ್ತಾರನೆಯದು ಫೆಬ್ರವರಿ ಇಪ್ಪತ್ತೊಂಬತ್ತಕ್ಕೆಂದು ಇಟ್ಟದ್ದು. ನಾಲ್ಕು ವರ್ಷಕ್ಕೊಮ್ಮೆ ಬರುವ ನೆಂಟನಾದರೂ ಬಂದ ದಿನ ಅವನಿಗೊಂದು ಚಾಪೆ ಬೇಕಲ್ಲ.

ದಾವಣಗೆರೆಯಲ್ಲಿ ಆಗ ಒಂದು ಪುಟ್ಟ ಸಂಜೆ ಪತ್ರಿಕೆಯಿತ್ತು. ಮಹೇಶ್ವರಪ್ಪನವರೆಂಬ ಹತ್ತಿ ವ್ಯಾಪಾರದ ಮನೆತನದವರು, ಅಂಗಡಿಯನ್ನು ತಮ್ಮಂದಿರಿಗೆ ಬಿಟ್ಟು, ಅಚ್ಚಿನ ಮಸಿಯ ವಾಸನೆಗೆ ಮರುಳಾಗಿ ತೆಗೆದದ್ದು. ನಾನು ಹರಿಹರದ ಶಾಲಾ ಮಾಸ್ತರರ ಮಗಳು, ಇಂಟರ್‌ಮೀಡಿಯೆಟ್ಟಿನವರೆಗೆ ಓದಿದವಳು; ಕರಡು ತಿದ್ದುವ ಕೆಲಸಕ್ಕೆಂದು ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ದಾವಣಗೆರೆಗೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ಸೇರಿದ ಎರಡನೆಯ ತಿಂಗಳಲ್ಲಿ ಮಹೇಶ್ವರಪ್ಪನವರು ಎರಡನೆಯ ಪುಟದ ಎಡ ತಳದಲ್ಲಿ ನಾಲ್ಕು ಬೆರಳಗಲದ ಜಾಗ ತೋರಿಸಿ, "ಇಲ್ಲಿ 'ಇದೇ ದಿನ' ಅಂತ ಒಂದು ಹಾಕೋಣ, ನೀವೇ ನೋಡ್ಕೊಳ್ರಿ. ಒಂದು ದಿನಕ್ಕೆ ಒಂದೇ. ಎಲ್ಡು ಹಾಕಿದ್ರೆ ಜನ ಯಾವುದನ್ನೂ ಓದಂಗಿಲ್ಲ" ಎಂದರು.

ಒಂದೇ ಎಂಬ ಆ ಮಾತು ಎಷ್ಟು ಕಠಿಣವೆಂಬುದು ಕೆಲಸಕ್ಕೆ ಕೈಹಾಕುವವರೆಗೆ ತಿಳಿಯಲಿಲ್ಲ. ನೀವು ತಿಳಿದಿರಬಹುದು, ಇತಿಹಾಸವು ವರ್ಷದ ಉದ್ದಕ್ಕೂ ಸಮನಾಗಿ ಹರಡಿಕೊಂಡಿರುತ್ತದೆಂದು. ಇಲ್ಲ. ಕೆಲವು ತಾರೀಖುಗಳ ಮೇಲೆ ಅದು ಸಂತೆಯ ಹಾಗೆ ನೆರೆದಿರುತ್ತದೆ: ಅದೇ ದಿನ ಒಬ್ಬ ಅರಸ ಹುಟ್ಟಿರುತ್ತಾನೆ, ಇನ್ನೊಬ್ಬ ಸತ್ತಿರುತ್ತಾನೆ, ಒಂದು ಕೋಟೆ ಬಿದ್ದಿರುತ್ತದೆ, ಒಂದು ರೈಲು ಮೊದಲ ಬಾರಿಗೆ ಓಡಿರುತ್ತದೆ. ಮತ್ತೆ ಕೆಲವು ತಾರೀಖುಗಳಲ್ಲಿ ಹುಡುಕಿ ಹುಡುಕಿ ಕಣ್ಣು ನೋಯಬೇಕು. ನಮ್ಮವರ ಸಂಗತಿಗಳದ್ದಂತೂ ಇನ್ನೊಂದು ತೊಡಕು. ಹರಿಹರದ ಗುಡಿಯ ಶಾಸನಗಳು ಸಂವತ್ಸರ, ಮಾಸ, ಪಕ್ಷ, ತಿಥಿ ಎಂದು ಲೆಕ್ಕ ಹೇಳುತ್ತವೆಯೇ ಹೊರತು ನನ್ನ ಚೀಟಿಯ ನೆತ್ತಿಗೆ ಹೊಂದುವ ತಾರೀಖನ್ನು ಹೇಳುವುದಿಲ್ಲ. ಹೀಗಾಗಿ ದೂರದ ಸೀಮೆಗಳ ದೊರೆಗಳು ಸಲೀಸಾಗಿ ಒಳಗೆ ಬಂದು ಕೂರುತ್ತಿದ್ದರು, ನಮ್ಮೂರ ಕೆರೆ ಕಟ್ಟಿಸಿದವನು ಹೊರಗೆ ನಿಂತಿರುತ್ತಿದ್ದ. ಅಕ್ಷರ ಜೋಡಿಸುತ್ತಿದ್ದ ಖಾದರ್ ಸಾಹೇಬರು ನನ್ನ ಪಾಡು ಕಂಡು, ಉರ್ದುವಿನಲ್ಲಿ ತಾರೀಖೆಂದರೆ ದಿನವೂ ಹೌದು, ಇತಿಹಾಸವೂ ಹೌದು, ಎರಡಕ್ಕೂ ಒಂದೇ ಮಾತು ಎಂದು ಹೇಳಿಕೊಟ್ಟರು. ಎರಡಕ್ಕೂ ಒಂದೇ ಮಾತಿದ್ದರೆ ನನ್ನ ಕೆಲಸ ಅರ್ಧವಾಗುತ್ತದೆಂದು ಅಂದುಕೊಂಡೆ. ಅದು ಇಮ್ಮಡಿಯಾಗುತ್ತದೆಂದು ಆಮೇಲೆ ತಿಳಿಯಿತು.

ಅಂಕಣಕ್ಕೆ ಓದುಗರು ಸಿಕ್ಕರು. ಸಿಕ್ಕ ಮೇಲೆ ಅರ್ಜಿಗಳೂ ಬಂದವು. ವಕೀಲರೊಬ್ಬರು ತಮ್ಮ ಅಜ್ಜ ಛತ್ರ ಕಟ್ಟಿಸಿದ ದಿನವನ್ನು ಹಾಕಬೇಕೆಂದರು. ಯಾವ ದಿನವೆಂದು ಕೇಳಿದರೆ, ಒಳ್ಳೆಯ ದಿನ ಯಾವುದು ಖಾಲಿಯಿದೆಯೋ ಅದು ಎಂದರು. ನಾನು ನಕ್ಕು ಕಳಿಸಿದೆ. ದಿನವನ್ನು ಆರಿಸುವ ಅಧಿಕಾರ ಸಿಕ್ಕವರಿಗೆ ಬರುವ ಒಂದು ಸಣ್ಣ ಗರ್ವವಿದೆ, ಅದು ನನಗೂ ಬಂದಿತ್ತು. ಸಾವಿರ ವರ್ಷಗಳಲ್ಲಿ ನಡೆದದ್ದೆಲ್ಲ ಸಾಲಾಗಿ ನನ್ನ ಮೇಜಿನ ಮುಂದೆ ನಿಂತಿದೆ, ನಾನು ಬೆರಳು ತೋರಿಸಿದ್ದು ಮಾತ್ರ ನಾಲ್ಕು ಗಂಟೆಗೆ ಬೀದಿಗೆ ಹೋಗುತ್ತದೆ ಎಂಬ ಗರ್ವ.

ಮಳೆಗಾಲದ ಒಂದು ತಾರೀಖಿಗೆ ನನ್ನಲ್ಲಿ ಏನೂ ಇರಲಿಲ್ಲ. ಕನ್ನಡದ ಸೀಮೆಗಳು ಒಂದೇ ರಾಜ್ಯವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಮಹೇಶ್ವರಪ್ಪನವರ ಬಂಧುಗಳಲ್ಲಿ ಒಬ್ಬರು ಹಿಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರು ತಮ್ಮ ಕಾಲದ ವಿಶೇಷಗಳನ್ನು ಬರೆದಿಟ್ಟ ನೋಟುಪುಸ್ತಕವೊಂದು ನಮ್ಮ ಪತ್ರಿಕೆಯ ಬೀರುವಿನಲ್ಲಿತ್ತು. ಅದರಲ್ಲಿ ಆ ತಾರೀಖಿನ ಕೆಳಗೆ, ಸುಮಾರು ಇಪ್ಪತ್ತೈದು ವರ್ಷದ ಹಿಂದಿನದೊಂದು ಸಾಲು ಕಂಡಿತು. ನಂದಿಗುಡಿಯ ಕಡೆ ತುಂಗಭದ್ರೆಯನ್ನು ದಾಟುವಾಗ ಮದುವೆಯ ದಿಬ್ಬಣದ ಹರಿಗೋಲು ಮಗುಚಿ, ದುರುಗಪ್ಪ ಎಂಬ ಅಂಬಿಗನ ಅಜಾಗರೂಕತೆಯಿಂದ ಅವನೂ ಸೇರಿದಂತೆ ಹಲವರು ನೀರುಪಾಲಾದರು. ಕೊನೆಗೂ ನಮ್ಮ ಹೊಳೆಯ, ನಮ್ಮ ಜನರ ಸಂಗತಿಯೊಂದು ಸಿಕ್ಕಿತೆಂದು ನನಗೆ ಸಂತೋಷವೇ ಆಯಿತು. ಸಾಲನ್ನು ಇದ್ದ ಹಾಗೇ ಇಳಿಸಿದೆ. ಕರಡು ಬಂದಾಗ 'ಅಜಾಗರೂಕತೆ'ಯಲ್ಲಿ ದೀರ್ಘಗಳು ಸರಿಯಾಗಿ ಬಿದ್ದಿವೆಯೇ ಎಂದು ಎರಡು ಸಲ ನೋಡಿದೆ. ಆ ಪದ ಅಲ್ಲಿ ಬರಬೇಕೇ ಎಂದು ಒಂದು ಸಲವೂ ನೋಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಒಬ್ಬ ಹೆಂಗಸು ಕಚೇರಿಗೆ ಬಂದರು. ನಲವತ್ತರ ಆಸುಪಾಸು, ಕೂದಲಿಗೆ ಹತ್ತಿಯ ಎಳೆ ಅಂಟಿತ್ತು. ಗಿರಣಿಯಿಂದ ನೇರ ಬಂದಿದ್ದರೆಂದು ಅದರಿಂದಲೇ ತಿಳಿಯುತ್ತಿತ್ತು. ಕೈಯಲ್ಲಿ ನಾಲ್ಕಾಗಿ ಮಡಿಸಿದ ನಮ್ಮ ಪತ್ರಿಕೆ.

"ಇದನ್ನ ಬರೆದೋರು ಯಾರ್ರಿ?"

ಖಾದರ್ ಸಾಹೇಬರು ನನ್ನ ಕಡೆ ನೋಡಿದರು. ನಾನೇ ಎಂದೆ.

"ನೀವು ಅವತ್ತು ಹರಿಗೋಲ್ನಾಗ ಇದ್ರೇನ್ರಿ?"

"ಇಲ್ಲ."

"ದಡದಾಗ?"

"ಇಲ್ಲ. ನಾನಾಗ ಹುಟ್ಟಿರಲಿಲ್ಲ."

"ಮತ್ತೆ ಹೆಂಗೆ ಗೊತ್ತಾತು, ನಮ್ಮಪ್ಪಂದು ಅಜಾಗರೂಕತೆ ಅಂತ?"

ಆ ಪದವನ್ನು ಆಕೆ ಒಂದೊಂದೇ ಅಕ್ಷರ ಒತ್ತಿ, ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುವ ಹಾಗೆ ಉಚ್ಚರಿಸಿದರು. ನಾನು ಕೂಡ್ರಿ ಎಂದೆ. ಹೇಳುವುದನ್ನೆಲ್ಲ ಹೇಳುವವರೆಗೆ ಆಕೆ ಕೂರಲಿಲ್ಲ. ಹೆಸರು ಹನುಮವ್ವ. ತಂದೆ ಹೊಳೆಯಲ್ಲಿ ಹೋದಾಗ ಹದಿನೈದು ವರ್ಷದವರು. ಅಂಬಿಗ ಜನರನ್ನು ಮುಳುಗಿಸಿದನೆಂಬ ಮಾತು ಸುತ್ತಿನ ಹಳ್ಳಿಗಳಲ್ಲೆಲ್ಲ ಹಬ್ಬಿ, ಅದನ್ನು ಕೇಳಲಾರದೆ ತಾಯಿ ಮಗಳನ್ನು ಕರೆದುಕೊಂಡು ದಾವಣಗೆರೆಯ ಗಿರಣಿ ಸೇರಿದ್ದರು. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಹನುಮವ್ವನ ಮಗಳು ಲಕ್ಷ್ಮಿಗೆ ಹತ್ತಿರದ ಬಾತಿ ಎಂಬ ಹಳ್ಳಿಯದೊಂದು ಸಂಬಂಧ ಕೂಡಿಬಂದು, ವೀಳ್ಯ ಹಿಡಿಯುವುದಷ್ಟೇ ಉಳಿದಿತ್ತು. ಬಾತಿಯ ಅಂಗಡಿಯೊಂದರಲ್ಲಿ ಯಾರೋ ನಮ್ಮ ಪತ್ರಿಕೆಯನ್ನು ಗಟ್ಟಿಯಾಗಿ ಓದಿದ್ದಾರೆ. ಯಾರೋ ಹಳಬರು, ಈ ದುರುಗಪ್ಪ ಆ ಹುಡುಗಿಯ ತಾಯಿಯ ತಂದೆಯೇ ಎಂದಿದ್ದಾರೆ. ಗಂಡಿನ ಕಡೆಯವರು ಸದ್ಯಕ್ಕೆ ಬೇಡವೆಂದು ಹೇಳಿಕಳಿಸಿದ್ದರು.

"ಇಪ್ಪತ್ತೈದು ವರ್ಷ ಹೂತಿಟ್ಟಿದ್ವಿ," ಎಂದು ಹನುಮವ್ವ ಕೊನೆಗೆ ಕುರ್ಚಿಯ ತುದಿಯಲ್ಲಿ ಕೂತರು. "ನೀವು ನಾಕು ಸಾಲಿನಾಗ ಎತ್ತಿ ನಿಲ್ಸಿದ್ರಿ."

ಮಹೇಶ್ವರಪ್ಪನವರು ಬಂದಾಗ ಎಲ್ಲವನ್ನೂ ಹೇಳಿದೆ. ಅವರು ಕಲ್ಲೆದೆಯವರಲ್ಲ, ಆದರೆ ಪತ್ರಿಕೆಯವರು. "ನೋಡಮ್ಮ, ಕಚೇರಿ ಗುಮಾಸ್ತರು ಬರೆದಿಟ್ಟಿದ್ದಕ್ಕೆ ಎದುರಾಗಿ ಮಗಳ ಮಾತನ್ನ ಹಾಕಕ್ಕೆ ಬರಲ್ಲ. ಕಣ್ಣಾರೆ ಕಂಡೋರು ಯಾರಾದ್ರೂ ಇದ್ರೆ ಹೇಳು," ಎಂದರು. ಬದುಕಿದವರು ಒಬ್ಬರಿದ್ದರು ಎಂದು ತಾಯಿ ಹೇಳುತ್ತಿದ್ದರೆಂಬುದನ್ನು ಹನುಮವ್ವ ನೆನೆಸಿಕೊಂಡರು. ನಂದಿಗುಡಿಯ ಜಮೀನ್ದಾರರು, ವೀರಭದ್ರಪ್ಪ. ಇದ್ದಾರೋ ಇಲ್ಲವೋ ಗೊತ್ತಿಲ್ಲ. ತಾಯಿಯಾಗಲಿ ತಾವಾಗಲಿ ಆ ಊರಿನ ಕಡೆ ಮತ್ತೆ ತಲೆ ಹಾಕಿರಲಿಲ್ಲ.

ಭಾನುವಾರ ಇಬ್ಬರೂ ಹೊರಟೆವು. ಹರಿಹರದಿಂದ ಮಲೆಬೆನ್ನೂರಿಗೆ ಒಂದು ಬಸ್ಸು, ಅಲ್ಲಿಂದ ನಂದಿಗುಡಿಗೆ ಇನ್ನೊಂದು. ನಾಟಿಯ ಕಾಲ, ಗದ್ದೆಗಳಲ್ಲಿ ಬಗ್ಗಿದ ಹೆಂಗಸರ ಬೆನ್ನುಗಳು ಕಿಟಕಿಯುದ್ದಕ್ಕೂ ಕಾಣುತ್ತಿದ್ದವು. ಅಲ್ಲಿಯವರೆಗಿನ ಚೀಟಿಗಳಲ್ಲಿ ನಾನು ಇಳಿಸಿದವರಲ್ಲಿ ಎಷ್ಟು ಜನರ ಮಕ್ಕಳಿಗೆ ಹೀಗೆ ಬಸ್ಸು ಹತ್ತಿ ಬಂದು ಕೇಳಲು ಸಾಧ್ಯವಿತ್ತು ಎಂದು ಯೋಚಿಸುತ್ತಿದ್ದೆ. ಅರಸರನ್ನು ಬಿಡಿ, ಅವರ ಸೈನ್ಯದಲ್ಲಿ ಸತ್ತವರ, ಅವರು ಸುಟ್ಟ ಊರುಗಳವರ ಮಕ್ಕಳಿಗೆ. ಅವರೆಲ್ಲ ದೂರವಿದ್ದರು, ಕಾಲದಲ್ಲಿಯೂ ದೇಶದಲ್ಲಿಯೂ. ಅದರಿಂದ ನನ್ನ ಕೈ ಧೈರ್ಯವಾಗಿ ಓಡಿತ್ತು.

ವೀರಭದ್ರಪ್ಪನವರು ಇದ್ದರು. ಅರವತ್ತು ದಾಟಿದ, ಎತ್ತರದ, ಹಣೆಯ ತುಂಬ ವಿಭೂತಿಯ ಮನುಷ್ಯ. ಕಟ್ಟೆಯ ಮೇಲೆ ಕೂತು ಬಿತ್ತನೆಯ ಚೀಲ ಹೊಲಿಯುತ್ತಿದ್ದರು. ನಾನು ಬಂದ ಕಾರಣ ಹೇಳಿದೆ. ಹನುಮವ್ವ ಯಾರೆಂಬುದನ್ನೂ ಹೇಳಿದೆ. ಅವರು ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು, ಹನುಮವ್ವನ ಕಡೆ ತಿರುಗಿದರು.

"ನಿಮ್ಮಪ್ಪ ಬ್ಯಾಡ ಅಂದ," ಎಂದರು.

ಆಮೇಲೆ ನಿಧಾನವಾಗಿ, ಯಾವುದನ್ನೂ ಮುಚ್ಚದೆ ಹೇಳಿದರು. ಅವರ ಅಕ್ಕನ ಮಗನ ಮದುವೆ. ಹೆಣ್ಣಿನ ಊರು ಹೊಳೆಯ ಆಚೆ. ಶ್ರಾವಣದ ಲಗ್ನ, ಮಧ್ಯಾಹ್ನಕ್ಕೆ ಮುಹೂರ್ತ. ದಿಬ್ಬಣ ಹೊಳೆ ದಾಟುವ ಕಡವಿಗೆ ಬಂದಾಗ ದುರುಗಪ್ಪ ನೀರು ನೋಡಿ, ಮೇಲೆಲ್ಲೋ ಮಳೆ ಬಿದ್ದೈತೆ, ನಾಳೆ ಬರ್ರಿ ಎಂದಿದ್ದ. ನಾಳೆ ಮುಹೂರ್ತ ಇಲ್ಲ ಎಂದು ಇವರು. ಜೀವ ಇದ್ರೆ ಮುಹೂರ್ತ ಇನ್ನೊಂದು ಸಿಗುತ್ತೆ ಎಂದು ಅವನು.

"ನಾನು ಊರಿಗೆ ದೊಡ್ಡೋನು. ಎಲ್ಲರ ಮುಂದೆ ಅಂಬಿಗನ ಮಾತು ಕೇಳಿ ತಿರುಗಿ ಹೋಗೋದು ಹೆಂಗೆ? ನೀನು ಬರದಿದ್ರೆ ಬ್ಯಾಡ, ಹುಟ್ಟು ನಾನೇ ಹಿಡಿತೀನಿ ಅಂತ ಹತ್ತಿದೆ. ನನ್ನ ಹಿಂದೆ ಎಲ್ಲರೂ ಹತ್ತಿದ್ರು. ನನಗೆ ಹುಟ್ಟು ಹಾಕಕ್ಕೆ ಬರಲ್ಲ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಕೊನೀಗೆ ಅವನೂ ಹತ್ತಿದ."

ನಡುಹೊಳೆಯಲ್ಲಿ ಮಗುಚಿತು. ದುರುಗಪ್ಪ ಇವರನ್ನು ಎಳೆದುಕೊಂಡು ಹೋಗಿ ಆಚೆ ದಡದ ಮರದ ಬೇರಿಗೆ ಸೇರಿಸಿ, ಇನ್ನೊಬ್ಬರಿಗೆಂದು ತಿರುಗಿ ಹೋದವನು ಮರಳಲಿಲ್ಲ. ಅಕ್ಕ ಹೋದಳು, ಮದುಮಗ ಹೋದ. ಆಚೆ ದಡ ಆಗ ಮುಂಬಯಿ ಸರ್ಕಾರದ್ದು, ಈಚೆಯದು ಮೈಸೂರಿನದು. ಅಲ್ಲಿ ಬದುಕಿದವನ ಹೇಳಿಕೆಯನ್ನು ಈಚೆಯ ಕಚೇರಿಯವರು ತೆಗೆದುಕೊಳ್ಳಲಿಲ್ಲ. ಜ್ವರ ಇಳಿದು ಇವರು ಊರಿಗೆ ಬರುವಷ್ಟರಲ್ಲಿ ಈಚೆ ಎಲ್ಲ ಬರೆದು ಮುಗಿದಿತ್ತು. ಸತ್ತ ಅಂಬಿಗನ ಮೇಲೆ ಹೊರಿಸುವುದು ಎಲ್ಲರಿಗೂ ಹಗುರವಾಗಿತ್ತು.

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?" ಎಂದು ಹನುಮವ್ವ ಕೇಳಿದರು. ದನಿ ಏರಿರಲಿಲ್ಲ.

"ಯಾರೂ ಕೇಳಲಿಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಕೇಳಿದ್ರೂ ಹೇಳ್ತಿದ್ನೋ ಇಲ್ಲೋ, ಗೊತ್ತಿಲ್ಲ. ನಮ್ಮ ಭಾವ ಇನ್ನೂ ಇದಾರೆ. ಹೆಂಡ್ತಿ, ಮಗ ಇಬ್ಬರೂ ಅವತ್ತೇ ಹೋದ್ರು. ಅವರ ಮುಂದೆ ಹೆಂಗೆ ಹೇಳ್ಲಿ?" ಅವರು ನನ್ನ ಕಡೆ ತಿರುಗಿದರು. "ಬರಕೊಳ್ರಿ. ನನ್ನ ಹೆಸರು ಹಾಕ್ರಿ. ಹೆಸರಿಲ್ಲಾಂದ್ರೆ ಅದು ಬರೀ ಕತೆ ಆಗುತ್ತೆ."

ಬರೆದುಕೊಂಡದ್ದಕ್ಕೆ ಅವರು ಮೋಡಿ ಅಕ್ಷರದಂಥ ಉದ್ದನೆಯ ಸಹಿ ಹಾಕಿದರು. ಹನುಮವ್ವ ಆ ಮನೆಯಲ್ಲಿ ನೀರು ಕುಡಿಯಲಿಲ್ಲ, ಬೈಯಲೂ ಇಲ್ಲ. ಬಸ್ಸಿಗೆ ಕಾಯುವಾಗ ಮಾತ್ರ, "ಬ್ಯಾಡ ಅಂದಿದ್ದ" ಎಂದು ಎರಡು ಸಲ, ನನಗಲ್ಲ, ತಮಗೇ ಹೇಳಿಕೊಂಡರು.

ಸೋಮವಾರ ಮಹೇಶ್ವರಪ್ಪನವರು ಸಹಿಯ ಕಾಗದವನ್ನು ಓದಿ, ನಾಲ್ಕನೆಯ ಪುಟದಲ್ಲಿ ತಿದ್ದುಪಡಿ ಎಂದು ಎರಡು ಸಾಲು ಹಾಕೋಣ ಎಂದರು. ಹನುಮವ್ವ ಹೇಳಿಕಳಿಸಿದ್ದ ಮಾತನ್ನು ನಾನು ಒಪ್ಪಿಸಿದೆ: ಎಲ್ಲಿ ಬೈದ್ರೋ ಅಲ್ಲೇ ಹೇಳ್ಬೇಕು. ಅವರು ಯೋಚಿಸಿದರು. ಆ ತಾರೀಖು ಕಳೆದುಹೋಯಿತಲ್ಲ, 'ಇದೇ ದಿನ' ಎಂದರೆ ಹೇಗೆ ಹೊಂದುತ್ತದೆ ಎಂದರು. ಈ ಪತ್ರಿಕೆಗೆ ನಿಜ ತಿಳಿದದ್ದು ಇವತ್ತೇ ಅಲ್ಲವೇ ಎಂದೆ ನಾನು.

"ಇವತ್ತಿನ ಚೀಟ್ಯಾಗ ಏನೈತೆ?"

"ಒಬ್ಬ ಅರಸನ ಪಟ್ಟಾಭಿಷೇಕ, ಸರ್."

"ಅರಸ ಕಾಯ್ತಾನೆ ಬಿಡ್ರಿ. ಮುಂದಿನ ವರ್ಷಾನೂ ಇದೇ ದಿನ ಪಟ್ಟ ಏರ್ತಾನೆ," ಎಂದು ಅವರೇ ಖಾದರ್ ಸಾಹೇಬರನ್ನು ಕರೆದರು.

ಅಂದಿನ ಅಂಕಣ ಎಂದಿಗಿಂತ ಮೂರು ಪಟ್ಟು ಉದ್ದವಾಯಿತು. ದುರುಗಪ್ಪ ಬೇಡವೆಂದದ್ದು, ಯಾರು ಒತ್ತಾಯಿಸಿದರೆಂಬುದು, ಕೊನೆಗೆ ಅವನೇಕೆ ಹತ್ತಿದನೆಂಬುದು, ಮತ್ತೊಬ್ಬರಿಗೆಂದು ತಿರುಗಿ ಹೋದದ್ದು, ಇವೆಲ್ಲ ವೀರಭದ್ರಪ್ಪನವರ ಹೆಸರಿನೊಂದಿಗೆ ಬಂದವು. ನಾವು ಮೊದಲು ಬರೆದದ್ದು ತಪ್ಪು ಎಂಬ ಮಾತನ್ನು ನಾನೇ ಬರೆದೆ. ಬರೆಯುವಾಗ ಕಷ್ಟವಾಯಿತೆಂದು ಹೇಳಿದರೆ ಅದೂ ಒಂದು ಬಗೆಯ ಜಂಬವಾದೀತು. ಕಷ್ಟವಾದದ್ದು ಹನುಮವ್ವನಿಗೆ, ಮತ್ತು ನಂದಿಗುಡಿಯ ಕಟ್ಟೆಯ ಮೇಲೆ ಕೂತ ಆ ಮನುಷ್ಯನಿಗೆ. ಅವರ ಭಾವ ಆಮೇಲೆ ಅವರ ಮನೆಯ ಮೆಟ್ಟಿಲು ಹತ್ತಲಿಲ್ಲವೆಂದು ಕೇಳಿದೆ.

ಬಾತಿಯವರು ವಾರದೊಳಗೆ ಬಂದರು. ಹಣ್ಣು, ಹೂವು ತಂದು, ನಡೆದದ್ದನ್ನು ಮರೆಯೋಣವೆಂದರು. ಹನುಮವ್ವ ಒಪ್ಪುವುದರಲ್ಲಿದ್ದರು. ಹದಿನೆಂಟರ ಹುಡುಗಿ ಲಕ್ಷ್ಮಿ ಒಳಗಿನಿಂದ ಬಂದು, ನೆಲ ನೋಡುತ್ತಲೇ ಹೇಳಿದಳಂತೆ: "ಒಂದು ಸಾಲು ಓದಿ ಹಿಂದೆ ಸರಿದ್ರಿ, ಇನ್ನೊಂದು ಓದಿ ಮುಂದೆ ಬಂದೀರಿ. ನಾಳೆ ಮೂರನೇದು ಯಾರಾದ್ರೂ ಬರೆದ್ರೆ?" ಬಂದವರು ಹಣ್ಣಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದರು. ಮಗಳ ಮೇಲೆ ಎರಡು ದಿನ ಸಿಟ್ಟಾಗಿದ್ದು, ಮೂರನೆಯ ದಿನ ಹನುಮವ್ವ ಆ ಹಣ್ಣುಗಳಲ್ಲಿ ಎರಡನ್ನು ನನಗೆ ತಂದುಕೊಟ್ಟರು. ಅದರ ಮರುವರ್ಷ ಲಕ್ಷ್ಮಿ ತನ್ನ ಜೊತೆ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದವನನ್ನು ಮದುವೆಯಾದಳು. ಅವನಿಗೆ ಎಲ್ಲವೂ ಗೊತ್ತಿತ್ತು, ಅವಳೇ ಹೇಳಿದ್ದಳು.

ವರ್ಷ ತಿರುಗಿ ಮತ್ತೆ ಆ ತಾರೀಖು ಹತ್ತಿರವಾಯಿತು. ಈ ಸಲ ಆ ದಿನಕ್ಕೆ ಏನು ಹಾಕಬೇಕೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ದುರುಗಪ್ಪ ಪರರ ಜೀವಕ್ಕಾಗಿ ತನ್ನ ಜೀವ ತೆತ್ತ ದಿನ ಎಂದು ಒಂದು ಸಾಲನ್ನು ಮನಸ್ಸಿನಲ್ಲಿ ಕಟ್ಟಿಯೂ ಇದ್ದೆ. ಅದರ ಲಯ ನನಗೆ ಹಿಡಿಸಿತ್ತು. ಆದರೆ ಒಂದು ಸಲ ಕಲಿತಿದ್ದೆನಾದ್ದರಿಂದ, ಮೊದಲು ಕೇಳೋಣವೆಂದು ಗಿರಣಿಯ ಹಿಂದಿನ ಅವರ ಮನೆಗೆ ಹೋದೆ. ಹನುಮವ್ವ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಕಟ್ಟಿದ ಸಾಲನ್ನು ಹೇಳಿದೆ. ಕೇಳಿದರು, ಕೇರುವುದನ್ನು ನಿಲ್ಲಿಸಲಿಲ್ಲ.

"ಅದು ಬ್ಯಾಡ್ರಿ," ಎಂದರು.

ನನಗೆ ಅಚ್ಚರಿಯಾಯಿತು. ಇದರಲ್ಲಿ ಅವರ ತಂದೆಯನ್ನು ಹೊಗಳಿದೆಯಲ್ಲ ಎಂದೆ.

"ಹೊಗಳೀರಿ, ಇಲ್ಲ ಅನ್ನಲ್ಲ. ಆದ್ರೆ ನಮ್ಮಪ್ಪ ಮೂವತ್ತು ವರ್ಷ ಹರಿಗೋಲು ಹಾಕ್ಯಾನೆ. ದಿನಾ ಹತ್ತು ಸಲ ಆ ಕಡೆ, ಹತ್ತು ಸಲ ಈ ಕಡೆ. ಬಸುರೇರು, ಕೂಸುಗಳು, ಕುರಿಮರಿ, ಎಲ್ಲಾನೂ ದಾಟಿಸ್ಯಾನೆ. ಆ ದಿನಗಳೆಲ್ಲ ಎಲ್ಲಿ ಹೋದ್ವು? ಮುಳುಗಿದ್ದು ಒಂದು ದಿನ, ನೀವು ಅದನ್ನೇ ಹಿಡಕೊಂಡೀರಿ. ಹಾಕಂಗಿದ್ರೆ ಅದ್ರಾಗ ಒಂದು ದಿನ ಹಾಕ್ರಿ."

ಗೆಳೆಯರೇ, ಅಲ್ಲಿಯವರೆಗೆ ನಾನು ಆರಿಸಿದ್ದ ನೂರಾರು ದಿನಗಳಲ್ಲಿ ಏನಾದರೊಂದು ಮುರಿದಿತ್ತು, ಬಿದ್ದಿತ್ತು, ಸತ್ತಿತ್ತು, ಇಲ್ಲವೇ ಮೊದಲ ಸಲ ಆಗಿತ್ತು. ಮತ್ತೆ ಮತ್ತೆ, ಸರಿಯಾಗಿ, ಯಾರ ಕಣ್ಣಿಗೂ ಬೀಳದೆ ಆದದ್ದಕ್ಕೆ ತಾರೀಖಿಲ್ಲ. ತಾರೀಖಿಲ್ಲದ್ದಕ್ಕೆ ಚೀಟಿಯಿಲ್ಲ. ಲೋಕ ಉಳಿದುಕೊಂಡು ಬಂದದ್ದೇನೋ ಅಂಥ ದಿನಗಳ ಮೇಲೆಯೇ ಇರಬೇಕು. ಆದರೆ ಅವನ್ನು ಬರೆದಿಡಲು ಯಾವ ಕಚೇರಿಯ ಗುಮಾಸ್ತನೂ ಲೇಖನಿ ಎತ್ತುವುದಿಲ್ಲ.

"ಯಾವ ದಿನ ಹಾಕಲಿ?" ಎಂದು ಕೇಳಿದೆ.

ಹನುಮವ್ವ ಮೊರವನ್ನು ಕೆಳಗಿಟ್ಟು ಲೆಕ್ಕ ಹಾಕಿದರು. "ಬರೋ ಸೋಮವಾರ ಹಾಕ್ರಿ. ನನಗೂ ಲಕ್ಷ್ಮಿಗೂ ಅವತ್ತು ಗಿರಣಿ ರಜೆ ಐತೆ. ಅವಳು ಓದ್ತಾಳೆ, ನಾನು ಕೇಳ್ತೀನಿ."

ಸೋಮವಾರ ಬೆಳಿಗ್ಗೆ ನಾನು ಬರೆದುಕೊಟ್ಟದ್ದನ್ನು ಮಹೇಶ್ವರಪ್ಪನವರು ಕನ್ನಡಕ ಏರಿಸಿ ಓದಿದರು. "ಇದೇ ದಿನ, ನಂದಿಗುಡಿಯ ಕಡೆ ತುಂಗಭದ್ರೆಯ ಕಡವಿನಲ್ಲಿ ದುರುಗಪ್ಪ ಎಂಬ ಅಂಬಿಗರು ಜನರನ್ನು ಹರಿಗೋಲಿನಲ್ಲಿ ಹೊಳೆ ದಾಟಿಸಿದರು. ಎಲ್ಲರೂ ದಡ ಸೇರಿದರು." ಅವರು ಮತ್ತೊಮ್ಮೆ ಓದಿದರು.

"ಯಾವ ವರ್ಷ ಅಂತ ಹಾಕಿಲ್ಲವಲ್ಲ?"

"ಎಲ್ಲಾ ವರ್ಷಾನೂ, ಸರ್."

ಮಹೇಶ್ವರಪ್ಪನವರು ಕಾಗದದ ಮೂಲೆಯಲ್ಲಿ ತಮ್ಮ ಗುರುತು ಹಾಕಿ ಖಾದರ್ ಸಾಹೇಬರ ಕಡೆ ಚಾಚಿದರು.